ನಾನು ಎಡದಿಂದ ಓದಿದ ಜಪಾನಿನ ಪುಸ್ತಕ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಅವ್ವ ಇರುವಷ್ಟು ದಿನವೂ "ಕಾಲಿಗೆ ಚಕ್ರ ಕಟ್ಕಂಡೇ ಹುಟ್ಟಿದ್ಯ ಕಣೆ" ಎಂದು ಬೈಯುತ್ತಲೇ ಇದ್ದಳು. ಸಾರು ಕುದಿಯುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ಹಿತ್ತಲಿಗೆ, ಹಿತ್ತಲಿನಿಂದ ಬೀದಿಗೆ, ಬೀದಿಯಿಂದ ಬಸ್ಸು ನಿಲ್ಲುವ ಆಲದ ಮರದವರೆಗೆ ಹೋಗಿ, ಹೊರಟ ಬಸ್ಸನ್ನು ಸುಮ್ಮನೆ ಒಮ್ಮೆ ನೋಡಿ ವಾಪಸು ಬರುವವಳು ನಾನು. ಅಂಥವಳನ್ನು ಮೂರು ದಿನ ಕೂತಲ್ಲೇ ಕೂರಿಸಿದ್ದು ಒಂದು ಪುಸ್ತಕ. ಅದರಲ್ಲಿ ನನಗೆ ಓದಲು ಬರುವ ಒಂದೇ ಒಂದು ಅಕ್ಷರವೂ ಇರಲಿಲ್ಲ. ಆ ಪುಸ್ತಕವನ್ನು ಹಿಡಿದುಕೊಂಡು ನಾನು ಒಬ್ಬಳ ಬಾಳನ್ನು ಹಾಳು ಮಾಡಲು ಹೊರಟಿದ್ದೆ. ಅದನ್ನೇ ಈಗ ಹೇಳುತ್ತಿರುವುದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಟಿ.ಸಿ.ಎಚ್. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಪೋಸ್ಟಿನವನ ದಾರಿ ಕಾಯುತ್ತಿದ್ದೆ. ಕಳ್ಳಂಬೆಳ್ಳದ ಕಡೆಯ ನಮ್ಮೂರಿಗೆ ಸರ್ಕಾರ ಹೆಂಗಸರದೊಂದು ವಯಸ್ಕರ ಶಿಕ್ಷಣ ಕೇಂದ್ರ ಕೊಟ್ಟಿತು. ಓದಿದ ಹೆಂಗಸು ಊರಿಗೆಲ್ಲ ನಾನೊಬ್ಬಳೇ ಆದ್ದರಿಂದ ಅದು ನನ್ನ ಕೊರಳಿಗೆ ಬಿತ್ತು. ನಾವು ಊರಾಚೆಯ ಕೇರಿಯವರು. ಭಜನೆ ಮನೆಯೊಳಗೆ ನನ್ನನ್ನು ಸೇರಿಸುವ ಹಾಗಿರಲಿಲ್ಲ, ಹಾಗಾಗಿ ಪಾಠ ಇಸ್ಕೂಲಿನ ಹಿಂದಿನ ಜಗಲಿಯ ಮೇಲೆ ನಡೆಯಿತು. ಮಧ್ಯಾಹ್ನ ಉಂಡಾದ ಮೇಲೆ, ಮತ್ತೆ ದನಕರುವಿನ ಕೆಲಸ ಹತ್ತುವ ಮುಂಚೆ, ಎರಡು ತಾಸು.

ಪಟ್ಟಿಯಲ್ಲಿ ಹೆಸರು ಮೂವತ್ತಿದ್ದವು. ಬರುತ್ತಿದ್ದವರು ಐದು ಜನ. ಸ್ಲೇಟು ಹಿಡಿದು 'ಅ' ತಿದ್ದುವುದಕ್ಕಿಂತ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವುದು ಮೇಲು ಎಂಬುದು ಅವರ ಲೆಕ್ಕಾಚಾರ. ತಪ್ಪು ಅನ್ನಲಾರೆ. ಸರ್ಕಾರ ಕೊಟ್ಟ ಪಾಠದ ಪುಸ್ತಕದ ಮೊದಲ ಪುಟದಲ್ಲೇ 'ಈಶ ಈಜಿದ' ಅನ್ನುವಂಥ ಮಾತಿದ್ದರೆ ಯಾವ ಹೆಂಗಸು ತಾನೇ ಕೆಲಸ ಬಿಟ್ಟು ಬರುತ್ತಾಳೆ? ನಮ್ಮ ಕಡೆ ಈಜುವಷ್ಟು ನೀರಾದರೂ ಎಲ್ಲಿತ್ತು? ನನಗೆ ರೇಗುತ್ತಿತ್ತು. ಯಾರ ಮೇಲೆ ಎಂದು ತಿಳಿಯದೆ ಅವ್ವನ ಮೇಲೆ ಹಾರಾಡುತ್ತಿದ್ದೆ.

ಆಗಲೇ ನಮ್ಮ ಚಿಕ್ಕಪ್ಪ ಆ ಪುಸ್ತಕ ತಂದದ್ದು. ಅವನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಹೊರದೇಶದಿಂದ ಬಂದ ಮಿಷಿನ್ನುಗಳ ಮರದ ಪೆಟ್ಟಿಗೆ ಬಿಚ್ಚುವ ಕೆಲಸದಲ್ಲಿದ್ದ. ಜಪಾನಿನಿಂದ ಬಂದ ಒಂದು ಪೆಟ್ಟಿಗೆಯಲ್ಲಿ, ಮಿಷಿನ್ನು ಅಲುಗಾಡದಿರಲಿ ಎಂದು ಸಂದಿಗಳಿಗೆ ಹಳೆಯ ಪುಸ್ತಕಗಳನ್ನು ತುರುಕಿದ್ದರಂತೆ. "ಒಳ್ಳೆ ದಪ್ಪ ಐತೆ, ಡಬ್ಬದ ತಳಕ್ಕೆ ಹಾಕ್ಕಳಿ" ಎಂದು ಒಂದನ್ನು ಅವ್ವನ ಕೈಗೆ ಕೊಟ್ಟ. ಅವ್ವ ಆಗಲೇ ನಾಲ್ಕು ಹಾಳೆ ಹರಿದು ಖಾರದ ಪುಡಿ ಕಟ್ಟಿದ್ದಳು. ನಾನು ಕಿತ್ತುಕೊಂಡೆ.

ಇಟ್ಟಿಗೆಯಷ್ಟು ದಪ್ಪ. ಒರಟು ಕಾಗದ. ಕೆಲವು ಹಾಳೆ ತಿಳಿ ಗುಲಾಬಿ, ಕೆಲವು ಮಾಸಿದ ಹಸಿರು. ಪುಟದ ತುಂಬ ಚೌಕಚೌಕ ಮನೆ ಕಟ್ಟಿ ಚಿತ್ರ ಬರೆದಿದ್ದರು. ಚಿತ್ರಕಥೆ ನಾನು ನೋಡದ್ದೇನಲ್ಲ. ನಮ್ಮ ಕಡೆ ಸಿಗುತ್ತಿದ್ದವುಗಳಲ್ಲಿ ರಾಜನೊಬ್ಬ ಈಟಿ ಹಿಡಿದು ನಿಂತಿರುತ್ತಿದ್ದ, ಅವನ ತಲೆಯ ಮೇಲೆ ಮೋಡದಷ್ಟು ಮಾತು ತುಂಬಿರುತ್ತಿತ್ತು. ಓದುವುದನ್ನು ಓದಿದರೆ ಚಿತ್ರ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ನಾಲ್ಕು ಪುಟ ಯಾರೂ ತುಟಿ ಬಿಚ್ಚುವುದಿಲ್ಲ. ಒಂದು ಚೌಕದಲ್ಲಿ ಕೆಟ್ಲಿಯಿಂದ ಆವಿ ಏಳುತ್ತದೆ. ಪಕ್ಕದ ಚೌಕದಲ್ಲಿ ಒಂದು ಕೈ, ಬರೀ ಕೈ. ಅದರ ಕೆಳಗೆ ಇಡೀ ಪುಟದ ಅಗಲಕ್ಕೆ ಒಂದು ಜೊತೆ ಕಣ್ಣು. ಕಣ್ಣೊಳಗೆ ಬೆಳಕಿನ ಚುಕ್ಕೆ, ಕೆಳರೆಪ್ಪೆಯಲ್ಲಿ ಬೀಳಲೋ ಬೇಡವೋ ಅನ್ನುತ್ತಿರುವ ನೀರು. ಯಾರಾದರೂ ಗಾಬರಿಯಾದರೆ ಅವರ ಸುತ್ತ ಸೂಜಿಯಂಥ ಗೆರೆಗಳು. ನನ್ನ ಎದೆಯೊಳಗೆ ದಿನಾ ಆಗುತ್ತಿದ್ದ ಚಡಪಡಿಕೆಯನ್ನು ಯಾರೋ ಗೆರೆ ಎಳೆದು ತೋರಿಸಿದ್ದರು. ನನಗೆ ನಿಜವಾಗಿಯೂ ಅಳು ಬಂತು. ಎಲ್ಲಿಯ ಜಪಾನು, ಎಲ್ಲಿಯ ನಮ್ಮ ಕೇರಿ!

ಪುಸ್ತಕದಲ್ಲಿ ಹತ್ತಾರು ಕಥೆಗಳಿದ್ದವು. ಎಡಗಡೆಯ ರಟ್ಟು ತೆಗೆದರೆ ಮೊದಲು ಸಿಗುವ ಕಥೆಯನ್ನೇ ಹಿಡಿದೆ. ರೈಲಿನ ಕಿಟಕಿಯಲ್ಲಿ ಒಬ್ಬಳು ಹೆಂಗಸಿನ ಮುಖ. ಆಮೇಲೆ ರೈಲಿನ ಮೆಟ್ಟಿಲ ಮೇಲೆ ಅವಳ ಕಾಲು, ಕೈಯಲ್ಲಿ ಬಟ್ಟೆಯ ಗಂಟು. ಬೆಳ್ಳಗಿನ ಹಾದಿ. ಒಂದು ಮನೆಯ ಬಾಗಿಲು, ಬಾಗಿಲಲ್ಲಿ ಕೈಯೆತ್ತಿ ನಿಂತ ಮುದುಕಿ. ಒಳಗೆ ಬೆನ್ನು ತಿರುಗಿಸಿ ಕೂತ ಗಂಡಸು, ಚೂರಾದ ಬಟ್ಟಲು. ಕೆಟ್ಲಿ, ಆವಿ, ಅಡುಗೆ. ಕೊನೆಗೆ ಇಡೀ ಪುಟದ ತುಂಬ ಕೂದಲು ಬಿಚ್ಚಿಕೊಂಡು, ಸುತ್ತ ಹೂವು ಚೆಲ್ಲಿಕೊಂಡು ನಗುತ್ತಿರುವ ಅದೇ ಹೆಂಗಸು. ನೀರಿನಷ್ಟು ತಿಳಿಯಾಗಿತ್ತು ನನಗೆ. ಗಂಡನ ಮನೆ ಬಿಟ್ಟು ಹೋಗಿದ್ದವಳು ರೈಲಿಳಿದು ವಾಪಸು ಬರುತ್ತಾಳೆ, ಅತ್ತೆ ಬೈಯುತ್ತಾಳೆ, ಆಮೇಲೆ ಎಲ್ಲ ಸರಿಹೋಗುತ್ತದೆ, ಸುಖವಾಗಿ ಇರುತ್ತಾಳೆ.

ನಾಲ್ಕನೆಯ ದಿನ ಪಾಠದ ಪುಸ್ತಕ ಬದಿಗಿಟ್ಟು ಇದನ್ನು ತೆಗೆದೆ. ದಿನಕ್ಕೆ ಎರಡೇ ಪುಟ. "ಉಳಿದಿದ್ದು ನಾಳೆ, ಮೊದಲು ಮೂರು ಅಕ್ಷರ ತಿದ್ದಬೇಕು" ಅಂದೆ. ಮೂರನೆಯ ದಿನಕ್ಕೆ ಹನ್ನೆರಡು ಜನ, ವಾರ ಕಳೆಯುವಷ್ಟರಲ್ಲಿ ಜಗಲಿ ಹಿಡಿಸಲಿಲ್ಲ. ನಮ್ಮ ಕೇರಿಯವರು, ಒಕ್ಕಲಮನೆಯವರು, ಕುರಿ ಸಾಕುವ ಹಟ್ಟಿಯವರು. ಕೇರಿಯವರು ಒಂದು ಪಕ್ಕ, ಊರಿನವರು ಇನ್ನೊಂದು ಪಕ್ಕ ಕೂರುತ್ತಿದ್ದರು ನಿಜ. ಆದರೆ ಪುಟ ತಿರುಗಿಸಿದಾಗ ಎಲ್ಲರ ತಲೆಯೂ ಒಟ್ಟಿಗೆ ಬಗ್ಗುತ್ತಿತ್ತು.

ಬೆಳ್ಳಗಿನ ಹಾದಿಯ ಪುಟ ಬಂದ ದಿನ ದೊಡ್ಡ ಗಲಾಟೆಯಾಯಿತು. ಅದು ಏನೆಂದು ಯಾರಿಗೂ ಹೊಳೆಯಲಿಲ್ಲ.

"ಸುಣ್ಣ ಚೆಲ್ಲವ್ರೆ ಬುಡು" ಅಂದಳು ಒಬ್ಬಳು.

ಪಾವಗಡದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ ತೆಲುಗಿನವಳು, "ಇದಿ ಉಪ್ಪು ಕದಮ್ಮಾ! ಉಪ್ಪು ತೆಗೆಯೋ ಮೋಳೆ ನಾನು ನೋಡಿಲ್ವಾ?" ಎಂದು ಜಗಳಕ್ಕೇ ನಿಂತಳು.

ಹಿಮ ಅಂದೆ. ಆಕಾಶದಿಂದ ಬೀಳುವ ಮಂಜುಗಡ್ಡೆಯ ಪುಡಿ ಅಂದೆ. ಯಾರೂ ನಂಬಲಿಲ್ಲ. ಆ ಪುಟದಲ್ಲಿ ಮನುಷ್ಯರೇ ಇರಲಿಲ್ಲ. ಮನೆಯ ಬಾಗಿಲು, ಬಾಗಿಲಿನಿಂದ ರಸ್ತೆಯವರೆಗೆ ಬೆಳ್ಳನೆಯ ನೆಲ, ಅದರ ಮೇಲೆ ಹೆಜ್ಜೆ ಗುರುತುಗಳು, ಅಷ್ಟೇ. "ಇಗೋ, ಬಂದೇಬಿಟ್ಟಳು ನೋಡಿ ಮನೆಗೆ" ಎಂದು ಪುಟ ತಿರುಗಿಸಿದೆ. ಹಟ್ಟಿಯ ಹೆಂಗಸೊಬ್ಬಳು ಮಾತ್ರ "ತಡಿ ಮೇಷ್ಟ್ರಮ್ಮ" ಎಂದು ಆ ಪುಟವನ್ನು ಬೆರಳಲ್ಲಿ ಹಿಡಿದು ಹಾಗೇ ನೋಡುತ್ತಿದ್ದಳು. ಅವಳು ನೋಡಿ ಮುಗಿಸುವವರೆಗೆ ಕಾಯುವಷ್ಟು ತಾಳ್ಮೆ ನನಗೆಲ್ಲಿ? ತಿರುಗಿಸಿಬಿಟ್ಟೆ.

ಈ ಹೆಂಗಸಿನ ವಿಷಯ ಹೇಳಲೇಬೇಕು. ನನಗಿಂತ ಮೂರು ನಾಲ್ಕು ವರ್ಷಕ್ಕೆ ದೊಡ್ಡವಳು. ಮಿಡಿಗೇಶಿಯ ಕಡೆಗೆ ಕೊಟ್ಟಿದ್ದರು. ಆರು ತಿಂಗಳ ಹಿಂದೆ ಎಡಗೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ಒಬ್ಬಳೇ ಬಸ್ಸು ಹತ್ತಿ ತವರಿಗೆ ಬಂದಿದ್ದಳು. ಕೇಳಿದವರಿಗೆಲ್ಲ "ಜಾರಿ ಬಿದ್ದೆ" ಅನ್ನುತ್ತಿದ್ದಳು. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಸ್ಲೇಟು ಹಿಡಿಯುವಾಗ ಆ ಕೈ ಪೂರ್ತಿ ಮಡಚುತ್ತಿರಲಿಲ್ಲ. ಜಾರಿ ಬಿದ್ದರೆ ಕೈ ಹಾಗೆ ಮುರಿಯುವುದಿಲ್ಲ ಎಂಬುದು ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರ ಬಾಯಲ್ಲೂ ಒಂದೇ ಮಾತು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವಳಿಗೊಬ್ಬ ಅಣ್ಣ, ಮದುವೆಯಾಗದವನು. ತಂಗಿ ಗಂಡನ ಮನೆ ಬಿಟ್ಟು ಕೂತಿದ್ದಾಳೆಂದು ಅವನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಎರಡೂ ಕಡೆಯ ಹಿರಿಯರು ರಾಜಿ ಮಾಡಿಸಿ ಅವಳನ್ನು ವಾಪಸು ಕಳಿಸಲು ದಿನ ನೋಡುತ್ತಿದ್ದರು.

ಒಂದು ದಿನ ಅವಳ ತಾಯಿ ನಮ್ಮ ಕೇರಿಯ ಬಾಯಿಗೆ ಬಂದು ನಿಂತು ನನ್ನನ್ನು ಕರೆದಳು. ಗಂಡ ಸತ್ತ, ಕಡ್ಡಿಯಂಥ ಹೆಂಗಸು. "ಓದ್ದೋಳು ನೀನು. ನಿನ್ ಮಾತು ಕೇಳ್ತಾಳೆ. ನಾಕು ಒಳ್ಳೆ ಮಾತು ಏಳವ್ವ. ಓಗೋಕೆ ಒಪ್ಕಳ್ಳಿ. ನಂಗೆ ಆ ಗಂಡು ಮಗೀದೂ ಒಂದು ಮದ್ವೆ ಆಗ್ಬೇಕಲ್ಲ" ಅಂದಳು.

ಊರಿನ ಹೆಂಗಸೊಬ್ಬಳು ನಮ್ಮ ಕೇರಿಯವರೆಗೆ ಬಂದು ನನ್ನನ್ನು ಅವ್ವ ಎಂದು ಕರೆದು ಬೇಡಿಕೊಂಡಿದ್ದಳು. ನನಗೆ ಕೋಡು ಮೂಡಿತು. ಅಲ್ಲಿಂದ ಮುಂದಕ್ಕೆ ನಾನು ಬರೀ ಚಿತ್ರ ತೋರಿಸಲಿಲ್ಲ, ಮಾತು ಕಟ್ಟಿದೆ. ಬಾಗಿಲಲ್ಲಿ ಕೈಯೆತ್ತಿ ನಿಂತ ಮುದುಕಿಯ ಬಾಯಲ್ಲಿ "ಬಾ ಮಗಳೇ, ಒಳಗೆ ಬಾ" ಅನ್ನಿಸಿದೆ. ಬೆನ್ನು ತಿರುಗಿಸಿ ಕೂತವನಿಗೆ ಪಶ್ಚಾತ್ತಾಪ ಹುಟ್ಟಿಸಿದೆ. ಒಂದು ಪುಟದಲ್ಲಿ ಚೂರಾಗಿದ್ದ ಬಟ್ಟಲು ಮುಂದಿನ ಪುಟದಲ್ಲಿ ಇಡಿಯಾಗಿತ್ತು. "ಹೊಸದು ತಂದರು" ಎಂದುಬಿಟ್ಟೆ.

"ಸಾವ್ಕಾರ್ರು ಬುಡು ಜಪಾನ್ನೋರು, ನಮ್ಮನ್ಯಾಗೆ ಒಡೆದ್ರೆ ಒಡೀತು" ಎಂದು ಎಲ್ಲರೂ ನಕ್ಕರು.

ಹಟ್ಟಿಯವಳು ನಗಲಿಲ್ಲ. ಹೆಜ್ಜೆಯ ಪುಟದ ದಿನದಿಂದ ಅವಳು ಪುಸ್ತಕದ ಕಡೆ ನೋಡುವುದನ್ನೇ ಬಿಟ್ಟು ನನ್ನ ಮುಖ ನೋಡುತ್ತ ಕೂರುತ್ತಿದ್ದಳು. ಪಾಠ ನಾಟುತ್ತಿದೆ ಅಂದುಕೊಂಡೆ. ಕೊನೆಯ ನಗುವ ಪುಟ ತೋರಿಸಿದ ದಿನ ಎಲ್ಲರೂ ಅವಳತ್ತ ತಿರುಗಿ "ಕಂಡ್ಯಾ? ಗಂಡ ಎಂಡ್ರ ಜಗಳ ಉಂಡು ಮಲಗೋಗಂಟ. ನೀನೂ ಓಗು" ಅಂದರು. ಅವಳು ಸ್ಲೇಟನ್ನು ಸೆರಗಿನಲ್ಲಿ ಒರೆಸಿ, "ಆತು ಬುಡ್ರಿ, ಓಗ್ತೀನಿ" ಅಂದಳು. ರಾಜಿಗೆ ಬರುವ ಶುಕ್ರವಾರ ಬೆಳಿಗ್ಗೆ ಎಂದು ದಿನ ಗೊತ್ತಾಯಿತು. ಆ ಸಂಜೆ ನಾನು ಬಸ್ಸು ನೋಡಲು ಹೋಗಲೇ ಇಲ್ಲ, ಅಷ್ಟು ಸಮಾಧಾನವಾಗಿತ್ತು.

ಗುರುವಾರ ಶಿರಾದಲ್ಲಿ ನಮ್ಮಂಥ ಕೇಂದ್ರದವರ ಮೀಟಿಂಗ್ ಇತ್ತು. ಮೂವತ್ತು ಜನರ ಕೈ ತಿರುಗಿ ಪುಸ್ತಕದ ಹೊಲಿಗೆ ಬಿಟ್ಟಿತ್ತು, ಅದನ್ನೂ ಚೀಲಕ್ಕೆ ಹಾಕಿಕೊಂಡೆ. ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ ಬೈಂಡ್ ಮಾಡುವ ಒಬ್ಬ ವಯಸ್ಸಾದ ಸಾಬರಿದ್ದರು. ಮೀಟಿಂಗ್ ಮುಗಿಸಿ ಅವರ ಮುಂದೆ ಪುಸ್ತಕ ಇಟ್ಟೆ. ಅವರು ಅದನ್ನು ತಿರುವಿಹಾಕಿ, ನಾನು ಹಿಂದಿನ ರಟ್ಟು ಅಂದುಕೊಂಡಿದ್ದನ್ನು ಮೇಲೆ ಮಾಡಿಕೊಂಡು, ಬಲಗಡೆಯಿಂದ ಹಾಳೆ ಬಿಡಿಸತೊಡಗಿದರು.

"ಸಾಬ್ರೇ, ಹಿಂದಿನಿಂದ ಯಾಕೆ ತೆಗೀತೀರಿ?" ಅಂದೆ.

"ಹಿಂದೆ ಎಲ್ಲೈತೆ ಬೇಟಿ? ಇದೇ ಮುಂದೆ. ನಮ್ ಉರ್ದು ಕಿತಾಬ್ ಥರಾನೇ ಇದು. ದೊಡ್ಡ ಹೆಸರು ಇಲ್ಲೈತೆ, ಬಣ್ಣದ ಪುಟ ಇಲ್ಲೈತೆ. ನೀನು ಉಲ್ಟಾ ಹಿಡಿದಿದೀಯ."

ಅವರು ಅಂಟಿನ ಬ್ರಷ್ಷು ಕೆಳಗಿಟ್ಟು ಒಂದೊಂದೇ ಪುಟ ನೋಡುತ್ತ ಹೋದರು. ಕಥೆಯಿಂದ ಕಥೆ ದಾಟಿ, ನನ್ನ ಹೆಂಗಸಿನ ಕಥೆಗೆ ಬಂದರು. ಅವರ ಕೈಯಲ್ಲಿ ಅದು ಹೂವು ಚೆಲ್ಲಿಕೊಂಡು ನಗುವವಳಿಂದ ಶುರುವಾಯಿತು. ಅಡುಗೆ, ಕೆಟ್ಲಿ, ಆವಿ. ಇಡಿಯಾಗಿದ್ದ ಬಟ್ಟಲು. ಬಟ್ಟಲು ಚೂರು. ಬೆನ್ನು ತಿರುಗಿಸಿ ಕೂತ ಗಂಡಸು. ಬಾಗಿಲಲ್ಲಿ ಕೈಯೆತ್ತಿ ನಿಂತ ಮುದುಕಿ. ಹೆಜ್ಜೆಗಳು. ರೈಲಿನ ಮೆಟ್ಟಿಲು. ಕಿಟಕಿಯಲ್ಲಿ ಮುಖ.

"ಪಾಪ, ಹೋಗ್ಬಿಟ್ಲು" ಅಂದರು ಸಾಬರು. "ಇರೋವಷ್ಟು ದಿನ ಇದ್ಲು, ಹೋದ್ಲು. ಕ್ಯಾ ಕರೇಗಿ?"

ನಾಚಿಕೆಯಾಯಿತು ಅಂದರೆ ಸಾಲದು, ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೈಂಡೂ ಬೇಡ, ಏನೂ ಬೇಡ ಎಂದು ಪುಸ್ತಕ ಕಿತ್ತುಕೊಂಡು ಬಸ್ಸಿಗೆ ಓಡಿದೆ. ಬಸ್ಸು ತುಂಬುವವರೆಗೆ ಹೊರಡುವುದಿಲ್ಲ ಅಂದ ಕಂಡಕ್ಟರು. ಹತ್ತುತ್ತೇನೆ, ಇಳಿಯುತ್ತೇನೆ, ಮತ್ತೆ ಹತ್ತುತ್ತೇನೆ.

ಆ ಬಸ್ಸು ಹೊರಡುವುದರೊಳಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅದು ಎಂಥ ಪುಸ್ತಕ ಎಂದು ನನಗೆ ತಿಳಿದದ್ದು ಇದಾಗಿ ಐದಾರು ವರ್ಷದ ಮೇಲೆ. ಆಗ ನಾನು ಕೊರಟಗೆರೆಯ ಹತ್ತಿರ ಮೇಷ್ಟರಾಗಿದ್ದೆ. ಅಲ್ಲಿಯ ಹುಳುಮನೆಗಳನ್ನು ನೋಡಲು ಜಪಾನಿನ ರೇಷ್ಮೆ ತಜ್ಞರೊಬ್ಬರು ಬಂದಿದ್ದರು, ಜೊತೆಗೆ ಮಾತು ತಿರುಗಿಸಿ ಹೇಳುವವರೂ ಇದ್ದರು. ನಾನು ಬಿಡುತ್ತೇನೆಯೇ? ಪುಸ್ತಕ ಹಿಡಿದುಕೊಂಡು ಹೋದೆ. ಆ ಗಂಭೀರ ಮನುಷ್ಯ ಅದನ್ನು ಕಂಡವನೇ ಮಗುವಿನ ಹಾಗೆ ನಕ್ಕುಬಿಟ್ಟ. ಇದಕ್ಕೆ ಮಾಂಗಾ ಅನ್ನುತ್ತೇವೆ, ಮನಸ್ಸು ಬಂದ ಹಾಗೆ ಹರಿಯಬಿಟ್ಟ ಚಿತ್ರ ಎಂದು ಅರ್ಥ ಅಂದ. ನೂರಾರು ವರ್ಷದ ಹಿಂದೆಯೇ ಅವರಲ್ಲಿ ಉದ್ದನೆಯ ಸುರುಳಿ ಕಾಗದದ ಮೇಲೆ ಕಪ್ಪೆ, ಮೊಲಗಳು ಮನುಷ್ಯರಂತೆ ಕುಸ್ತಿಯಾಡುವ ಚಿತ್ರ ಬರೆದಿದ್ದರಂತೆ. ಅವನು ಹುಡುಗನಾಗಿದ್ದಾಗ ಸೈಕಲ್ಲಿನ ಮೇಲೆ ಮರದ ಚೌಕಟ್ಟು ಕಟ್ಟಿಕೊಂಡು ಒಬ್ಬ ಬೀದಿಗೆ ಬರುತ್ತಿದ್ದನಂತೆ. ಮಿಠಾಯಿ ಮಾರುತ್ತ ಒಂದೊಂದೇ ಚಿತ್ರದ ಹಲಗೆ ಎಳೆದು ಕಥೆ ಹೇಳಿ, ಕುತೂಹಲ ಕೆರಳುವ ಜಾಗದಲ್ಲಿ ನಿಲ್ಲಿಸಿ, ಉಳಿದಿದ್ದು ನಾಳೆ ಎಂದು ಹೊರಟುಹೋಗುತ್ತಿದ್ದನಂತೆ. ನಮ್ಮ ಜಗಲಿಯಲ್ಲಿ ನಾನು ಮಾಡಿದ್ದೂ ಅದೇ ಅಲ್ಲವೇ! ಯುದ್ಧದಲ್ಲಿ ಸೋತು ಊರೆಲ್ಲ ಬೂದಿಯಾದ ಮೇಲೆ ಜನಕ್ಕೆ ಹೊಟ್ಟೆಗೇ ಇರಲಿಲ್ಲ. ಆಗ ಅಗ್ಗದ ಕಾಗದದ ಮೇಲೆ ಅಚ್ಚಾದ ಚಿತ್ರಕಥೆಗಳನ್ನು ಅಂಗಡಿಯಿಂದ ಬಾಡಿಗೆಗೆ ತಂದು ಓದುತ್ತಿದ್ದರಂತೆ. ಆಮೇಲೆ ವಾರವಾರವೂ ಇಂಥ ಇಟ್ಟಿಗೆ ಪುಸ್ತಕಗಳು ಬಂದವು. ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು, ಆಫೀಸಿಗೆ ಹೋಗುವ ಗಂಡಸರಿಗೆ ಬೇರೊಂದು. ರೈಲಿನಲ್ಲಿ ಓದುತ್ತಾರೆ, ಇಳಿಯುವಾಗ ಎಸೆದು ಹೋಗುತ್ತಾರೆ. ಹಾಗೆ ಎಸೆದದ್ದೇ ಮಿಷಿನ್ನಿನ ಸಂದಿಗೆ ಬಿದ್ದು ನಮ್ಮವ್ವನ ಖಾರದ ಪುಡಿಯವರೆಗೆ ಬಂದದ್ದು.

ಹುಡುಗಿಯರ ಕಥೆಗಳನ್ನು ಮೊದಮೊದಲು ಗಂಡಸರೇ ಹೆಚ್ಚಾಗಿ ಬರೆಯುತ್ತಿದ್ದರಂತೆ. ಈಚೆಗೆ ಇಪ್ಪತ್ತು ಇಪ್ಪತ್ತೆರಡರ ಹೆಣ್ಣುಮಕ್ಕಳೇ ಕುಂಚ ಹಿಡಿದು ತಮ್ಮ ಮನಸ್ಸಿನದು ಬರೆಯತೊಡಗಿದ್ದಾರೆ, ಈ ಕಥೆ ಬರೆದವಳೂ ಆಗ ನಿಮ್ಮ ವಯಸ್ಸಿನವಳೇ ಇದ್ದಿರಬೇಕು ಅಂದ. ಅದನ್ನು ಕೇಳಿ ನನಗೆ ಆ ಕಾಣದ ಹುಡುಗಿಯ ಕೈ ಹಿಡಿದು ಕ್ಷಮೆ ಕೇಳಬೇಕೆನ್ನಿಸಿತು. ರೈಲಿನ ಕಿಟಕಿಯ ಪುಟದ ಮೂಲೆಯಲ್ಲಿದ್ದ ನಾಲ್ಕು ಅಕ್ಷರ ಏನೆಂದು ಕೇಳಿದೆ. 'ಮುಂದುವರಿಯುವುದು' ಎಂದಿದೆ ಅಂದ. ಈಗ ದೇಶದೇಶದ ಮಕ್ಕಳು ಇದನ್ನು ಮೊಬೈಲಿನಲ್ಲೇ ಬಲದಿಂದ ಎಡಕ್ಕೆ ಸರಸರನೆ ಓದುತ್ತಾರೆ, ನನ್ನ ತಮ್ಮನ ಮೊಮ್ಮಗಳೂ ಓದುತ್ತಾಳೆ. ಇದು ಲೋಕಕ್ಕೆಲ್ಲ ಯಾಕೆ ಹಿಡಿಸಿತು ಎಂದು ದೊಡ್ಡದಾಗಿ ಬರೆಯುವವರಿದ್ದಾರೆ. ನನಗೆ ತಿಳಿದಿರುವುದು ಇಷ್ಟೇ. ಅದು ಮಾತು ಬಿಟ್ಟುಕೊಟ್ಟು ಜಾಗ ಖಾಲಿ ಇಡುತ್ತದೆ, ನೋಡುವವರು ತಮ್ಮ ಸಂಕಟ ತಂದು ಅಲ್ಲಿ ಕೂರಿಸುತ್ತಾರೆ. ನಾನು ಆ ಖಾಲಿ ಜಾಗಕ್ಕೆ ಊರಿನ ಹಿರಿಯರ ಮಾತು ತಂದು ತುಂಬಿದ್ದೆ.

ಬಸ್ಸು ಊರು ಮುಟ್ಟಿದಾಗ ಕುರಿಗಳು ಹಟ್ಟಿಗೆ ಬರುವ ಹೊತ್ತು. ಮನೆಗೂ ಹೋಗದೆ ನೇರವಾಗಿ ಹಟ್ಟಿಗೆ ನಡೆದೆ. ನಾನು ಒಳಗೆ ಹೋಗುವಂತಿಲ್ಲ. ಮುಳ್ಳುಬೇಲಿಯ ಈಚೆ ನಿಂತು ಕೂಗಿದೆ. ಅವಳು ಸೊಟ್ಟ ಕೈಯಲ್ಲಿ ಒಂದು ಮರಿಯನ್ನು ಎದೆಗವಚಿಕೊಂಡು ಬೇಲಿಯ ಆಚೆ ಬಂದು ನಿಂತಳು.

"ಅಕ್ಕ, ತಪ್ಪಾಯ್ತು. ಆ ಕಥೇನ ನಾನು ತಲೆಕೆಳಗು ಓದ್ಬುಟ್ಟಿದೀನಿ. ಅವಳು ಮನೆಗೆ ಬರ್ತಿಲ್ಲ ಕಣಕ್ಕ. ಮನೆ ಬುಟ್ಟು ಓಗ್ತಾವ್ಳೆ" ಅಂದೆ. ಒಂದೇ ಉಸಿರಿಗೆ ಅಂದೆ.

ಅವಳು ಆಶ್ಚರ್ಯಪಡಲಿಲ್ಲ. "ಗೊತ್ತು" ಅಂದಳು.

"ಗೊತ್ತಾ? ಹೆಂಗೆ?"

"ಹೆಜ್ಜೆ ನೋಡ್ಲಿಲ್ವಾ ನೀನು? ಹಿಮ್ಮಡಿ ಬಾಗ್ಲ ಕಡೆ ಐತೆ, ಬೆರಳು ರಸ್ತೆ ಕಡೆ ಐತೆ. ಓಗೋ ಹೆಜ್ಜೆ ಅವು. ಕುರಿ ತಪ್ಪಿಸ್ಕಂಡ್ರೆ ಹೆಜ್ಜೆ ನೋಡೇ ಅಲ್ವಾ ನಾವು ಉಡುಕೋದು? ಬಂದ ಹೆಜ್ಜೆ ಯಾವ್ದು, ಓದ ಹೆಜ್ಜೆ ಯಾವ್ದು, ಅಷ್ಟೂ ತಿಳಿಯಲ್ವಾ?"

ಓದಲು ಬರೆಯಲು ಕಲಿಸಲು ಹೋದವಳು ನಾನು. ಆ ಪುಟದಲ್ಲಿ ಇದ್ದದ್ದು ಅದೊಂದೇ ಬರಹ, ಅದನ್ನು ಓದಿದವಳು ಅವಳು.

"ಗೊತ್ತಿದ್ರೆ ಅವತ್ತೇ ಹೇಳೋದಲ್ವಾ ಅಕ್ಕ!" ನನ್ನ ದನಿ ಏರಿತು. ಅವಳ ಮೇಲೇ ಸಿಟ್ಟು ಬಂದಿತ್ತು, ಎಂಥ ಹಾಳು ಬುದ್ಧಿ ನೋಡಿ ನನ್ನದು.

ಅವಳು ಮರಿಯ ಕಿವಿಯೊಳಗಿನ ಉಣ್ಣೆಹುಳ ಕಿತ್ತು ಎಸೆದಳು. "ಎಲ್ರೂ ನನ್ನ ಅಲ್ಲಿಗೆ ಅಟ್ಟೋಕೆ ನಿಂತವ್ರೆ. ನನ್ನೆತ್ತವ್ವನೇ ನಿಂತವ್ಳೆ. ನೀನೂ ಅವ್ರ ಕಡೆ ಸೇರ್ಕಂಡು ಬೇಕಂತ್ಲೇ ತಿರುಗ್ಸಿ ಏಳ್ತಿದೀಯ ಅಂದ್ಕಂಡೆ. ಪುಸ್ತಕಾನೇ ತಿರುಗ್ಸಿ ಓದೋರ ತಾವ ನಾನೇನ್ ಏಳ್ಲಿ?"

ತಿಳಿಯದೆ ಮಾಡಿದೆ ಅನ್ನೋಣವೆಂದರೆ, ಮುದುಕಿಯ ಬಾಯಿಗೆ "ಬಾ ಮಗಳೇ" ಎಂಬ ಮಾತು ತುರುಕಿದ್ದು ತಿಳಿದೇ ಅಲ್ಲವೇ? ಬಲದಿಂದ ಓದಿದ್ದರೂ ನಾನು ಆ ಕಥೆಯನ್ನು ಹಾಗೇ ತಿರುಚುತ್ತಿದ್ದೆನೋ ಏನೋ. ಅದನ್ನು ನೆನೆದರೆ ಇವತ್ತಿಗೂ ಎದ್ದು ಓಡಾಡುವಂತಾಗುತ್ತದೆ.

"ರೈಲತ್ತಿ ಎಲ್ಲಿಗೋದ್ಲು ಅವ್ಳು?" ಎಂದು ಅವಳೇ ಕೇಳಿದಳು.

"ಗೊತ್ತಿಲ್ಲ ಅಕ್ಕ. ನಂಗೆ ಆ ಅಕ್ಷರ ಓದೋಕೆ ಬರಲ್ಲ." ಆರು ವಾರದಲ್ಲಿ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು.

ಅವಳು ಮರಿಯನ್ನು ನೆಲಕ್ಕೆ ಬಿಟ್ಟು, "ನಾಳೀಕೆ ಪಂಚಾಯ್ತಿ ಕಟ್ಟೆತಾವ ಬಾ" ಅಂದಳು. "ರಾಜಿ ಕಾಗ್ದ ಅಂತ ಬರ್ಕಂಡು ಬತ್ತಾರಂತೆ, ಎಬ್ಬೆಟ್ಟು ಒತ್ಸೋಕೆ. ನಾನಿನ್ನೂ ಕೂಡ್ಸಿ ಓದೋವಷ್ಟು ಕಲ್ತಿಲ್ಲ. ಅದನ್ನಾದ್ರೂ ಇದ್ದಂಗೆ ಓದ್ಬುಡು."

ಬೆಳಿಗ್ಗೆ ಮಿಡಿಗೇಶಿಯ ಕಡೆಯಿಂದ ಜೀಪು ಮಾಡಿಕೊಂಡು ಗಂಡನ ಮನೆಯವರು ಬಂದಿಳಿದರು. ಗಂಡ ಕಟ್ಟೆಯ ತುದಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದ. ಎರಡೂ ಕಡೆಯ ಹಿರಿಯರು, ಅವಳ ಅಣ್ಣ. ಕೆಳಗೆ ಅವಳು, ಅವಳ ತಾಯಿ. ನಾನು ಇನ್ನೂ ದೂರದಲ್ಲಿ, ನಾವು ನಿಲ್ಲಬೇಕಾದ ಜಾಗದಲ್ಲಿ ನಿಂತಿದ್ದೆ. ಆ ಕಡೆಯ ಹಿರಿಯರೊಬ್ಬರು ಕಾಗದ ಬಿಚ್ಚಿ ಹಿಡಿದು, ಓದದೆಯೇ, "ಇನ್ನೇನಿಲ್ಲ, ಉಡುಗೀನ ಚೆಂದಾಗಿ ನೋಡ್ಕಂತೀವಿ ಅಂತ ಬರ್ದೈತೆ. ಒತ್ತವ್ವ ಎಬ್ಬೆಟ್ಟು" ಅಂದರು.

"ಮೇಷ್ಟ್ರಮ್ಮ ಓದ್ಲಿ" ಅಂದಳು ಅವಳು.

ಕಟ್ಟೆಯ ಮೇಲೆ ಗುಜುಗುಜು ಶುರುವಾಯಿತು. ಅವಳ್ಯಾಕೆ, ಕೇರಿಯೋಳು ಕಟ್ಟೆತಾವ ಬರೋದಾ, ಕಲಿಗಾಲ ಎಂದೆಲ್ಲ ಅಂದರು. ಅವಳು ತಲೆಯೆತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಓದಿದ್ರೆ ಒತ್ತೀನಿ. ಇಲ್ದಿದ್ರೆ ಇಲ್ಲ" ಎಂದು ಅಷ್ಟನ್ನೇ ಎರಡು ಸಲ ಹೇಳಿದಳು. ಕೊನೆಗೆ ಆ ಹಿರಿಯರು ಕಾಗದವನ್ನು ನನ್ನ ಕೈಗೆ ಕೊಡದೆ ನೆಲದ ಮೇಲೆ ಹಾಕಿ ಅದರ ಮೇಲೊಂದು ಕಲ್ಲಿಟ್ಟು ಹಿಂದಕ್ಕೆ ಸರಿದರು. ನಾನು ಹೋಗಿ ಎತ್ತಿಕೊಂಡೆ.

ಸುಳ್ಳು ಹೇಳುವುದೇಕೆ, ಒಂದು ಗಳಿಗೆ ಮೆತ್ತಗೆ ಮಾಡಿ ಓದಿಬಿಡೋಣ ಅಂತಲೂ ಅನ್ನಿಸಿತು. ಸಂಜೆಗೆ ಕೇಂದ್ರ ಮುಚ್ಚಿಸುತ್ತಾರೆ, ನಾಳೆ ನಮ್ಮಪ್ಪನಿಗೆ ಕೂಲಿ ತಪ್ಪಿಸುತ್ತಾರೆ. ಅವಳ ಕಡೆ ನೋಡಿದೆ. ಜಗಲಿಯಲ್ಲಿ ನೋಡುತ್ತಿದ್ದಳಲ್ಲ, ಹಾಗೇ ನನ್ನ ಮುಖವನ್ನೇ ನೋಡುತ್ತಿದ್ದಳು. ಓದಿದೆ. ಅಕ್ಷರ ಬಿಡದೆ, ಊರಿಗೆಲ್ಲ ಕೇಳುವ ಹಾಗೆ ಓದಿದೆ.

"ಗಂಡನ ಮನೆ ಬಿಟ್ಟು ಬಂದದ್ದು ನನ್ನದೇ ತಪ್ಪು. ನನ್ನ ಕೈ ಮುರಿದದ್ದು ನಾನೇ ಜಾರಿ ಬಿದ್ದು ಆದದ್ದು, ಇದರಲ್ಲಿ ಯಾರ ಕೈವಾಡವೂ ಇಲ್ಲ. ಇನ್ನು ಮುಂದೆ ಏನೇ ಆದರೂ ನಾನು ತವರು ಮನೆಯ ಹೊಸ್ತಿಲು ತುಳಿಯತಕ್ಕದ್ದಲ್ಲ. ತುಳಿದರೆ ತವರಿನವರು ನನ್ನನ್ನು ಸೇರಿಸತಕ್ಕದ್ದಲ್ಲ."

ಅವಳ ತಾಯಿ ತನ್ನ ಮಗನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ್ದ, ಅವನಿಗೆ ಮೊದಲೇ ಗೊತ್ತಿತ್ತು ಎಂದು ಕಾಣುತ್ತದೆ.

"ಕೊನೇದು ಇನ್ನೊಂದ್ಸಲ ಓದವ್ವ" ಅಂದಳು ತಾಯಿ.

ಓದಿದೆ.

ಆ ಕಡ್ಡಿಯಂಥ ಹೆಂಗಸು ಕೈಯೂರಿ ಎದ್ದಳು. ಮಗಳನ್ನು ಕಳಿಸಲು ನನ್ನ ಬಳಿಗೆ ಬಂದು ಬೇಡಿಕೊಂಡಿದ್ದವಳು ಇವಳೇ. ಕಟ್ಟೆಯ ಮೇಲಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿ, "ಕೊಟ್ಟಿದ್ದು ಎಣ್ಣ ಕಣ್ರಪ್ಪಾ, ನನ್ ಬಾಗ್ಲ ಕೊಟ್ಟಿಲ್ಲ. ನನ್ ಬಾಗ್ಲ ಮುಚ್ಚೋಕೆ ನೀವ್ಯಾರು?" ಅಂದಳು. ಆಮೇಲೆ ಮಗಳ ಕಡೆ ತಿರುಗಿ, ದಿನಾ ಬೆಳಿಗ್ಗೆ ಹೇಳುವ ಮಾತಿನಂತೆ, "ಏಳಮ್ಮಿ. ಒತ್ತೇರ್ತು. ಕುರಿ ಇನ್ನೂ ಬುಟ್ಟಿಲ್ಲ" ಅಂದಳು.

ಮಗಳು ಎದ್ದು ಸೆರಗು ಕೊಡವಿ ಹಟ್ಟಿಯ ಕಡೆ ನಡೆದಳು. ತಾಯಿ ಹಿಂದೆ ಹೋದಳು. ಕಾಗದ ನನ್ನ ಕೈಯಲ್ಲೇ ಇತ್ತು. ವಾಪಸು ಕೊಡಬೇಕೆಂದರೆ ನನ್ನ ಕೈಯಿಂದ ಈಸಿಕೊಳ್ಳಲು ಕಟ್ಟೆಯ ಮೇಲಿನವರು ಯಾರೂ ಮುಂದೆ ಬರಲಿಲ್ಲ.